ಒಂದು ಕಾಪಿ ಹೆಚ್ಚಿಗೆ

ಸೈ ಪ್ಯಾರಿಶ್‌ನ ನೌಕರಿ ಹೋದದ್ದು ಕಾಗದದ ಲೆಕ್ಕದಲ್ಲಿ. ಗಿರಾಕಿಗಳಿಗೆ ಬಿಲ್ಲು ಮಾಡಿದ ಫೋಟೋ ಎಷ್ಟು, ಯಂತ್ರ ಹೊರಹಾಕಿದ ಫೋಟೋ ಎಷ್ಟು ಎಂದು ಮ್ಯಾನೇಜರು ತಾಳೆ ನೋಡಿದ. ಎರಡೂ ಕೂಡಲಿಲ್ಲ. ಕೂಡದೆ ಉಳಿದ ನೂರಾರು ಫೋಟೋಗಳು ಸೈನ ಬಾಡಿಗೆ ಮನೆಯ ಗೋಡೆ ತುಂಬ ಅಂಟಿಕೊಂಡಿದ್ದವು. ಎಲ್ಲವೂ ಒಂದೇ ಕುಟುಂಬದವು: ಗಂಡ, ಹೆಂಡತಿ, ಒಬ್ಬ ಮಗ. ಅವರು ಅವನ ಬಳಗದವರಲ್ಲ, ಓಣಿಯವರೂ ಅಲ್ಲ. ರೀಲು ತೊಳೆಯಲು ಕೊಟ್ಟು, ಫೋಟೋ ಇಸಿದುಕೊಂಡು ಹೋಗುವ ಗಿರಾಕಿಗಳು, ಅಷ್ಟೇ.

ಇದು 2002ರ ‘ಒನ್ ಅವರ್ ಫೋಟೋ’ ಸಿನಿಮಾದ ಕಥೆ. ನಿರ್ದೇಶಕ ಮಾರ್ಕ್ ರೊಮಾನೆಕ್. ಸೈನ ಪಾತ್ರದಲ್ಲಿ ರಾಬಿನ್ ವಿಲಿಯಮ್ಸ್. 1993ರ ‘ಮಿಸೆಸ್ ಡೌಟ್‌ಫೈರ್’ನಲ್ಲಿ ಮುದುಕಿಯ ವೇಷ ಹಾಕಿ ನಗಿಸಿದವರು ಅವರೇ. ಆ ಕಥೆಗೆ ಕಮಲ್ ಹಾಸನ್ ಸೀರೆ ಉಡಿಸಿ ತಮಿಳಿನಲ್ಲಿ ‘ಅವ್ವೈ ಷಣ್ಮುಗಿ’, ಹಿಂದಿಯಲ್ಲಿ ‘ಚಾಚಿ 420’ ಮಾಡಿದಾಗ ನಮ್ಮ ಇಂಡಿ, ಸಿಂದಗಿಯ ಮಂದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸೈ ಆದಾಗ ಮಾತ್ರ ವಿಲಿಯಮ್ಸ್ ಆ ನಗೆಯನ್ನೆಲ್ಲ ಮನೆಯಲ್ಲಿಟ್ಟು ಬಂದಿದ್ದಾರೆ. ಸ್ಯಾವ್‌ಮಾರ್ಟ್ ಎಂಬ ದೊಡ್ಡ ಅಂಗಡಿಯೊಳಗಿನ ಫೋಟೋ ಕೌಂಟರಿನ ಹಿಂದೆ ಒಬ್ಬಂಟಿಯಾಗಿ ನಿಂತು, ಮಂದಿಯ ಹುಟ್ಟುಹಬ್ಬ, ಪ್ರವಾಸ, ಕೂಸುಗಳನ್ನು ತೊಳೆದು ಕವರಿನಲ್ಲಿ ಹಾಕಿ ಕೊಡುವುದು ಅವನ ಕೆಲಸ. ಆ ಒಂದು ಮನೆಯವರ ರೀಲು ಬಂದರೆ ತನಗೂ ಒಂದು ಕಾಪಿ ಹೆಚ್ಚಿಗೆ ತೆಗೆದುಕೊಳ್ಳುತ್ತಾನೆ. ತಾನು ಆ ಹುಡುಗನ ಕಾಕಾ ಎಂದು ಒಳಗೊಳಗೇ ಕಲ್ಪಿಸಿಕೊಳ್ಳುತ್ತಾನೆ.

ಮ್ಯಾನೇಜರನ ಫಿರ್ಯಾದಿ ಬರೀ ಕಾಗದದ್ದಲ್ಲ. ಊಟಕ್ಕೆ ಹೋದರೆ ಬೇಗ ಬರುವುದಿಲ್ಲ. ಹುಡುಗನ ಹುಟ್ಟುಹಬ್ಬಕ್ಕೆ ಅಂಗಡಿಯ ಕ್ಯಾಮೆರಾ ಒಂದನ್ನು ಪುಕ್ಕಟೆ ಕೊಟ್ಟಿದ್ದಾನೆ. ಇನ್ನು ಬಣ್ಣ ಒಂದಿಷ್ಟು ಹೆಚ್ಚುಕಡಿಮೆಯಾಯಿತೆಂದು ಯಂತ್ರ ರಿಪೇರಿಗೆ ಬಂದವನೊಡನೆ ಗಿರಾಕಿಗಳೆದುರೇ ಜಗಳ ತೆಗೆದಿದ್ದನ್ನು ಪ್ರೇಕ್ಷಕರಾದ ನಾವೇ ನೋಡಿದ್ದೇವೆ. ಇಂಡಿಯ ಬಜಾರದಲ್ಲಿ ಹುಟ್ಟಿ ಬೆಳೆದ ನನಗೆ ಇವು ಅಪರಾಧ ಅನ್ನಿಸಲೇ ಇಲ್ಲ. ಊಟಕ್ಕೆ ಹೋದವನು ಬೇಗ ಬಂದರೆ ನಮ್ಮಲ್ಲಿ ‘ಮನ್ಯಾಗ ಏನರ ಜಗಳ ಆತೇನೋ?’ ಎಂದು ಕೇಳುತ್ತಾರೆ. ಕೂಸಿನ ಕೈಗೆ ಪುಕ್ಕಟೆ ಏನಾದರೂ ಇಡದ ಅಂಗಡಿಗೆ ಯಾವ ತಾಯಿಯೂ ಎರಡನೆಯ ಸಲ ಹತ್ತುವುದಿಲ್ಲ. ಸಾವಕಾರನ ಯಂತ್ರದ ಸಲುವಾಗಿ ಮೆಕ್ಯಾನಿಕ್ಕನ ಮೈಮೇಲೆ ಹೋದವನಿಗಂತೂ ದೀಪಾವಳಿಗೆ ಒಂದು ಅಂಗಿಬಟ್ಟೆ ಹೆಚ್ಚಿಗೆ ಸಿಗಬೇಕು.

ಸಿನಿಮಾದಲ್ಲಿ ಅಂಗಡಿಯ ನೌಕರಿ ಕಳೆದುಕೊಂಡ ಒಂಟಿ ಜೀವ ಸೈ ಒಬ್ಬನೇ ಅಲ್ಲ. 1936ರ ‘ಮಾಡರ್ನ್ ಟೈಮ್ಸ್’ನಲ್ಲಿ ಚಾರ್ಲಿ ಚಾಪ್ಲಿನ್ ದೊಡ್ಡ ಅಂಗಡಿಯೊಂದಕ್ಕೆ ರಾತ್ರಿ ಕಾವಲಿಗೆ ಸೇರುತ್ತಾನೆ. ಮೊದಲ ರಾತ್ರಿಯೇ ಕಳ್ಳರು ನುಗ್ಗುತ್ತಾರೆ. ನೋಡಿದರೆ ಅವರಲ್ಲೊಬ್ಬ ಕಾರ್ಖಾನೆಯಲ್ಲಿ ಜೊತೆಗೆ ದುಡಿದವನು. ಹಸಿದು ಬಂದವರೆಂದು ತಿಳಿದು ಕೂಡಿ ಕುಡಿದು, ಬೆಳಿಗ್ಗೆ ಬಟ್ಟೆಯ ರಾಶಿಯೊಳಗೆ ನಿದ್ದೆ ಹೋದ ಚಾರ್ಲಿ ಸಿಕ್ಕಿಬೀಳುತ್ತಾನೆ. ಅವನು ಸಾವಕಾರನ ಮಾಲನ್ನು ಹಸಿದವರಿಗೆ ಹಂಚಿದ. ಸೈ ತೆಗೆದುಕೊಂಡದ್ದು ಗಿರಾಕಿಯದೇ ಮುಖ. ನೋಡುವವರಿಗೆ ಮೊದಲನೆಯದು ನಗೆ ತರಿಸುತ್ತದೆ, ಎರಡನೆಯದು ಮೈ ಜುಮ್ಮೆನಿಸುತ್ತದೆ.

ಸೈ ನಮ್ಮ ರಾಜ್ಯದವನಾಗಿದ್ದರೆ ಇಷ್ಟು ಸರಳವಾಗಿ ಮುಗಿಯುತ್ತಿರಲಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಆರು ತಿಂಗಳು ಸತತ ದುಡಿದವನನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸಾಗಲಿ ಅದರ ಬದಲು ಪಗಾರವಾಗಲಿ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಗಾಗಿ ನೋಟಿಸಿಲ್ಲದೆ ತೆಗೆಯಬೇಕೆಂದರೆ ವಿಚಾರಣೆ ನಡೆಸಿ ಸಾಕ್ಷ್ಯ ಬರೆದುಕೊಳ್ಳಬೇಕು. ಕಾಯಿದೆ ಚೆನ್ನಾಗಿದೆ. ಆದರೆ ನಮ್ಮ ಬಜಾರಕ್ಕೆ ಅದರ ಅವಶ್ಯಕತೆಯೇ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಯಾರನ್ನೂ ‘ತೆಗೆಯುವುದಿಲ್ಲ’. ಮೊದಲು ಶಟರಿನ ಕೀಲಿ ಇನ್ನೊಬ್ಬನ ಕೈಗೆ ಹೋಗುತ್ತದೆ. ಆಮೇಲೆ ನಾಲ್ಕು ಗಂಟೆಯ ಚಹಾದಲ್ಲಿ ಒಂದು ಕಪ್ಪು ಕಡಿಮೆ ಬರುತ್ತದೆ. ಕೊನೆಗೆ ಒಂದು ಸಂಜೆ ಸಾವಕಾರ ಮೆತ್ತಗೆ ಹೇಳುತ್ತಾನೆ: ‘ಊರಾಗ ಅವ್ವ ಒಬ್ಬಾಕೀನೇ ಇದ್ದಾಳಲ್ಲೋ ತಮ್ಮಾ, ನಾಕು ದಿವ್ಸ ಹೋಗಿ ಬಾ.’ ಅದರಲ್ಲಿ ‘ಹೋಗಿ’ ಮಾತ್ರ ಖರೆ.

ನಮ್ಮ ಊರಿನ ಸ್ಟುಡಿಯೋ ಒಂದರಲ್ಲಿ ಹೀಗೆ ಹೋದವನೊಬ್ಬನಿದ್ದ. ಭೀಮಾ ದಂಡೆಯ ಯಾವುದೋ ಹಳ್ಳಿಯವನು. ಹಗಲು ಡಾರ್ಕ್‌ರೂಮಿನಲ್ಲಿ ಕೆಲಸ, ರಾತ್ರಿ ಸ್ಟುಡಿಯೋದ ಪರದೆಯ ಕೆಳಗೆ ನಿದ್ದೆ. ಆ ಪರದೆಯ ಮೇಲೆ ತಾಜಮಹಲು ಬರೆದಿತ್ತಾದ್ದರಿಂದ, ತಾಜಮಹಲಿನ ಅಂಗಳದಲ್ಲಿ ಮಲಗಿದ ಭಾಗ್ಯ ಇಂಡಿಯಲ್ಲಿ ಅವನೊಬ್ಬನಿಗೇ. ನಾವು ಹುಡುಗರೆಲ್ಲ ಅವನನ್ನು ಮಾಮಾ ಎನ್ನುತ್ತಿದ್ದೆವು. ಸೈ ಕನಸಿನಲ್ಲಿ ಪಡೆದ ಸಂಬಂಧ ಅವನಿಗೆ ಹಗಲು ಬೆಳಕಿನಲ್ಲೇ, ದಿನಕ್ಕೆ ಹತ್ತಾರು ಹುಡುಗರಿಂದ ಸಿಗುತ್ತಿತ್ತು. ಹಾಗೆ ಕರೆದ ನಾವ್ಯಾರೂ ಅವನು ರಾತ್ರಿ ಏನು ಉಣ್ಣುತ್ತಾನೆಂದು ಕೇಳಲಿಲ್ಲ, ಅದು ಬೇರೆ.

ಕಪ್ಪುಬಿಳುಪಿನ ರೀಲು ತೊಳೆಯುವ ಡೆವಲಪರ್ 20 ಡಿಗ್ರಿ ಸುಮಾರಿಗೆ ತಣ್ಣಗಿರಬೇಕು. ಇಂಡಿಯ ಮೇ ತಿಂಗಳಿನಲ್ಲಿ ನೀರು ಆ ಮಟ್ಟಕ್ಕೆ ಇಳಿಯುವ ಮಾತೇ ಇಲ್ಲ. ಮಾಮಾ ಐಸ್‌ಕ್ಯಾಂಡಿಯವನ ಕಡೆಯಿಂದ ಬರ್ಫದ ತುಂಡು ತರುತ್ತಿದ್ದ. ಅರ್ಧ ಟ್ರೇದ ಕೆಳಗೆ, ಅರ್ಧ ನಮ್ಮ ಕೈಗೆ. ಮದುವೆಯ ಕಲರ್ ರೀಲುಗಳನ್ನು ಮಾತ್ರ ಕಂಡಕ್ಟರನ ಕೈಯಲ್ಲಿ ಕೊಟ್ಟು ಸೊಲ್ಲಾಪುರದ ಲ್ಯಾಬಿಗೆ ಕಳಿಸುತ್ತಿದ್ದರು. ಅಲ್ಲಿ ಡೆವಲಪರಿಗೆ 37.8 ಡಿಗ್ರಿ ಶಾಖ, ಮೂರೂಕಾಲು ನಿಮಿಷ. ‘ಅಷ್ಟು ಶಾಖಕ್ಕ ಸೊಲ್ಲಾಪುರಕ್ಕ ಯಾಕ ಹೋಗಬೇಕು, ನಮ್ಮ ಮಾಳಿಗಿ ಮ್ಯಾಲ ಇಟ್ರ ಸಾಕು’ ಎಂದು ಮಾಮಾ ನಗುತ್ತಿದ್ದ.

ಮಾಮಾನ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಎಂಟು ಕಾಪಿ ತೆಗೆಸಿ ಆರು ಒಯ್ದವರ ಎರಡು, ಅಡ್ವಾನ್ಸು ಕೊಟ್ಟು ಮರೆತವರ ಎಂಟೂ, ಕಣ್ಣು ಮುಚ್ಚಿ ಬಂದದ್ದಕ್ಕೆ ಬೇಡವೆಂದವರದು, ಎಲ್ಲವೂ ಅದರೊಳಗೆ. ಊರಿನ ಅರ್ಧ ಮಂದಿ ಆ ಡಬ್ಬಿಯಲ್ಲಿ ಪಾಸ್‌ಪೋರ್ಟ್ ಸೈಜಿನಲ್ಲಿ ಒತ್ತೊತ್ತಾಗಿ ಕೂತಿದ್ದರು. ಪಿಂಚಣಿ ಅರ್ಜಿಯ ಕೊನೆಯ ದಿನ ಫೋಟೋ ಇಲ್ಲವೆಂದು ಓಡಿಬಂದ ಮುದುಕರಿಗೆ ಅವನು ಡಬ್ಬಿ ತೆಗೆದು ಅವರದೇ ಮುಖವನ್ನು ಹುಡುಕಿ ಕೊಡುತ್ತಿದ್ದ. ರೊಕ್ಕ ಇಸಿದುಕೊಳ್ಳುತ್ತಿರಲಿಲ್ಲ. ಸ್ಯಾವ್‌ಮಾರ್ಟಿನ ಮ್ಯಾನೇಜರು ಕಂಡಿದ್ದರೆ ಆ ಡಬ್ಬಿಯನ್ನು ಮುದ್ದೆಮಾಲು ಎಂದು ಸೀಲು ಹಾಕಿಬಿಡುತ್ತಿದ್ದ.

ಹೆಚ್ಚಿನ ಕಾಪಿ ಎಂಬುದು ನಮ್ಮ ಕಡೆ ಕದ್ದುಮುಚ್ಚಿ ಮಾಡುವ ವ್ಯವಹಾರವೂ ಆಗಿರಲಿಲ್ಲ. ನನ್ನ ಹೆಂಡತಿ ಸಿಂದಗಿಯವಳು. ಅವಳ ಅಕ್ಕನ ಮದುವೆಯ ಫೋಟೋವನ್ನು ಅಲ್ಲಿನ ಸ್ಟುಡಿಯೋದವರು ಯಾರನ್ನೂ ಕೇಳದೆ ದೊಡ್ಡದು ಮಾಡಿ ಶೋಕೇಸಿನಲ್ಲಿ ಇಟ್ಟರು. ಮನೆಗೆ ಕೊಟ್ಟ ಆಲ್ಬಮ್ಮಿನಲ್ಲಿದ್ದದ್ದು ಅಂಗೈಯಗಲದ್ದು, ಅಂಗಡಿಯಲ್ಲಿದ್ದದ್ದು ಬಾಗಿಲಿನಷ್ಟು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ರೊಕ್ಕ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು. ಅಂದರೆ ನಮ್ಮ ಮಾವನವರು ಕೋರ್ಟಿಗೆ ಹೋಗಬಹುದಿತ್ತು. ಅವರು ಹೋದದ್ದು ಸ್ಟುಡಿಯೋಕ್ಕೆ, ಅದೂ ಗಾಜು ಒರೆಸಿಲ್ಲವೆಂದು ಬೈಯಲು. ಬೀಗರು ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಆ ಅಂಗಡಿಯ ಮುಂದೆ ಹಾಯ್ದೇ ಬರಬೇಕಿತ್ತು. ಖರೆ ಜಗಳ ಆದದ್ದು ಕೆಲವು ವರ್ಷದ ಮೇಲೆ, ಅಕ್ಕನನ್ನು ಇಳಿಸಿ ಅಲ್ಲಿ ಬೇರೆ ಯಾರದೋ ಮದುಮಗಳನ್ನು ಇಟ್ಟಾಗ. ‘ನಮ್ಮ ಹುಡುಗೀನ್ನ ಯಾಕ ತೆಗೆದ್ರಿ? ಆಕಿ ಏನು ತಪ್ಪ ಮಾಡ್ಯಾಳ?’ ಎಂದು ಮಾವನವರು ಕೇಳಿದರಂತೆ. ಶೋಕೇಸಿನಿಂದ ವಜಾ ಆದ ಅಕ್ಕ ಈಗಲೂ ಆ ಮಾತು ಬಂದರೆ ಮುಖ ಸಣ್ಣದು ಮಾಡುತ್ತಾಳೆ.

ಸಿನಿಮಾದ ಮೊದಲಲ್ಲೇ ಸೈ ಒಂದು ಮಾತು ಹೇಳುತ್ತಾನೆ: ಮರೆಯಬೇಕಾದದ್ದನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಆಲ್ಬಮ್ಮುಗಳಲ್ಲಿ ಇರುವುದೆಲ್ಲ ಸಂತೋಷದ ಗಳಿಗೆಗಳೇ ಎಂದು. ಅವನು ಮುದ್ದೇಬಿಹಾಳದ ಕಡೆ ಬಂದಿದ್ದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು. ನಮ್ಮ ಲಿಂಗಾಯತರ ಮನೆಗಳಲ್ಲಿ ಹಿರಿಯರು ತೀರಿಕೊಂಡರೆ ಅವರನ್ನು ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ಕೂತು ಫೋಟೋ ತೆಗೆಸುವ ರೂಢಿ ಇದೆ. ಎಷ್ಟೋ ಮುದುಕಿಯರ ಮೊದಲ ಫೋಟೋವೂ ಕೊನೆಯ ಫೋಟೋವೂ ಅದೊಂದೇ. ಭಜನೆಯವರಿಗೆ ಹೇಳಿಕಳಿಸಿದ ಕೂಡಲೇ ಸ್ಟುಡಿಯೋದವನಿಗೂ ಹೇಳಿಕಳಿಸುತ್ತಾರೆ. ಅಳುವವರ ನಡುವೆ ನಿಂತು ಅವನು ‘ಒಂದೀಟು ಹತ್ರ ಬರ್ರಿ, ಹಿಂದಿನವರು ಕಾಣವಲ್ರು’ ಎನ್ನಬೇಕು. ಅಭ್ಯಾಸಬಲದಿಂದ ‘ನಗ್ರಿ’ ಎನ್ನದಂತೆ ನಾಲಿಗೆ ಹಿಡಿದುಕೊಳ್ಳಬೇಕು. ಸೈನ ಗಿರಾಕಿಗಳು ಕೌಂಟರಿನ ಆಚೆ ನಿಂತು ಸಂತೋಷವನ್ನಷ್ಟೇ ತಂದುಕೊಟ್ಟರು. ನಮ್ಮವರು ಫೋಟೋದವನನ್ನು ಹೆಣದ ಮನೆಯೊಳಗೂ ಕರೆದರು, ಮದುವೆಯ ಪಂಕ್ತಿಯಲ್ಲೂ ಕೂಡ್ರಿಸಿದರು. ಹೀಗಾಗಿ ಅವನು ಗೋಡೆ ಕಿಂಡಿಯಲ್ಲಿ ನೋಡುವ ಪ್ರಸಂಗ ಬರಲಿಲ್ಲ. ಹಾಗೆ ಕರೆಯುತ್ತಿದ್ದದ್ದು ಕ್ಯಾಮೆರಾ ಹಿಡಿದವನನ್ನು. ಡಾರ್ಕ್‌ರೂಮಿನ ಮಾಮಾನನ್ನು ಮದುವೆಗೂ ಸಾವಿಗೂ ಯಾರೂ ಕರೆಯಲಿಲ್ಲ. ಅವೆರಡೂ ಅವನಿಗೆ ಮುಟ್ಟುತ್ತಿದ್ದದ್ದು ಟ್ರೇದಲ್ಲಿ, ನೀರಿನೊಳಗಿಂದ ನಿಧಾನವಾಗಿ ಮೇಲೆ ಬರುವ ಮುಖಗಳಾಗಿ.

ಬಸವನ ಬಾಗೇವಾಡಿಗೆ ಶ್ರಾವಣದ ಜಾತ್ರೆಗೆ ಹೋದಾಗಲೆಲ್ಲ ನನಗೆ ಸೈನ ಖಟ್ಲೆಯನ್ನು ಅಲ್ಲಿ ನಡೆಸಬೇಕಿತ್ತು ಅನ್ನಿಸುತ್ತದೆ. ನೌಕರಿಯಲ್ಲಿದ್ದು ಲೆಕ್ಕದ ಅಪವಾದ ಹೊತ್ತವರಲ್ಲಿ ಆ ಊರಲ್ಲಿ ಹುಟ್ಟಿದ ಬಸವಣ್ಣನವರಷ್ಟು ದೊಡ್ಡವರು ಇನ್ನಾರಿದ್ದಾರೆ? ಬಿಜ್ಜಳನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಾನೆಂದು ಕೊಂಡೆಯವರು ದೂರು ಹೇಳಿದರು, ಅರಸು ಬಂದು ಎಣಿಸಿದ, ಹೊನ್ನು ಒಂದೂ ಕಡಿಮೆ ಬೀಳಲಿಲ್ಲ ಎಂಬ ಕಥೆಯನ್ನು ಪುರಾಣ ಹೇಳುವವರ ಬಾಯಲ್ಲಿ ಕೇಳುತ್ತಲೇ ನಾವು ದೊಡ್ಡವರಾದೆವು. ಸೈಗೆ ಅಂಥ ಪವಾಡ ಒದಗಲಿಲ್ಲ. ಎಣಿಸಿದರು, ಕಡಿಮೆ ಬಿತ್ತು. ಆದರೆ ಮೈಮರೆತು ಮಾಡುವ ಕೆಲಸವೇ ಕಾಯಕವಾದರೆ, ಯಾರದೋ ಮಗನ ಕೆನ್ನೆಯ ಬಣ್ಣ ಕೂದಲೆಳೆಯಷ್ಟು ತಪ್ಪಿತೆಂದು ಜಗಳಕ್ಕೆ ನಿಂತ ಸೈಗಿಂತ ದೊಡ್ಡ ಕಾಯಕಜೀವಿ ಆ ಅಂಗಡಿಯಲ್ಲಿ ಇರಲಿಲ್ಲ. ಅವನಲ್ಲಿ ದಾಸೋಹಕ್ಕೆ ಜಾಗವಿರಲಿಲ್ಲ, ಅಷ್ಟೇ. ಕೊಡಲು ಹೋದರೆ ಇಸಿದುಕೊಳ್ಳುವವರಿರಲಿಲ್ಲ. ಹುಡುಗನಿಗೆಂದು ಅವನು ಒಂದು ಆಟಿಗೆ ತರುತ್ತಾನೆ, ಹುಡುಗ ಬೇಡವೆನ್ನುತ್ತಾನೆ. ಹುಡುಗ ಮಾಡಿದ್ದು ಸರಿ. ಸೈನ ಮುಖ ನೋಡಿದರೆ ಆ ಸರಿಯೂ ಬೇಡವಾಗಿತ್ತು ಅನ್ನಿಸುತ್ತದೆ.

ಮಾಮಾನ ಅಪರಾಧಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಮದುವೆಯ ಮಾತು ಕಾಲಿಗಿಂತ ಮೊದಲು ಫೋಟೋದ ಮೇಲೆ ಓಡಾಡುತ್ತದೆ. ಅಜ್ಜನೊಬ್ಬ ವರ ಕನ್ಯೆ ಕೂಡಿಸುವ ಕೆಲಸ ಮಾಡುತ್ತಿದ್ದ. ಬಸವನ ಬಾಗೇವಾಡಿಯ ವರನೊಬ್ಬನಿಗೆ ತಕ್ಕ ಹುಡುಗಿ ಇದ್ದರೆ ಹೇಳು ಎಂದು ಅವನು ಮಾಮಾನನ್ನು ಕೇಳಿದ. ಊರಿನ ಮುಖಗಳನ್ನೆಲ್ಲ ಬಲ್ಲವನೆಂಬ ಹಿಗ್ಗು ಮಾಮಾನಿಗೆ. ಡಬ್ಬಿಯಿಂದ ಕಾಲೇಜು ಓದುವ ಹುಡುಗಿಯೊಬ್ಬಳ ಫೋಟೋ ತೆಗೆದು ಕೊಟ್ಟುಬಿಟ್ಟ. ಹುಡುಗಿಯ ಅಪ್ಪನಿಗೆ ಗೊತ್ತಾದದ್ದು ವರನ ಕಡೆಯವರು ‘ನೋಡಾಕ ಯಾವಾಗ ಬರೋಣ್ರಿ?’ ಎಂದು ಕೇಳಿದಾಗ. ಆತ ಸ್ಟುಡಿಯೋದ ಮುಂದೆ ನಿಂತು ಕೂಗಾಡಿದ್ದು ಬಜಾರಕ್ಕೆಲ್ಲ ಕೇಳಿಸಿತು. ಆ ಸಿಟ್ಟು ನ್ಯಾಯದ್ದು. ಓದಲು ಫಾರ್ಮು ತುಂಬಲೆಂದು ಆ ಹುಡುಗಿ ತೆಗೆಸಿದ ಫೋಟೋ, ಅವಳನ್ನು ಕೇಳದೆ ಯಾರದೋ ಕಿಸೆಯಲ್ಲಿ ಊರೂರು ತಿರುಗುವುದು ತಮಾಷೆಯಲ್ಲ. ಒಳ್ಳೆಯದಾಗಲಿ ಎಂದು ಮಾಡಿದವನೂ ಕಳ್ಳತನವನ್ನೇ ಮಾಡಿದ್ದ.

ಸಾವಕಾರ ರೂಢಿಯಂತೆ ನಡೆದುಕೊಂಡ. ಕೀಲಿ ಹೋಯಿತು, ಚಹಾದ ಕಪ್ಪು ಹೋಯಿತು. ಆ ಸಂಜೆ ನಾನು ಶಾಲೆಯ ಹಾಲ್‌ಟಿಕೀಟಿನ ಫೋಟೋ ಒಯ್ಯಲು ಹೋಗಿದ್ದೆ. ಸಾವಕಾರ ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತ ಶುರುಮಾಡಿದ: ‘ಊರಾಗ ಅವ್ವ ಒಬ್ಬಾಕೀನೇ ಇದ್ದಾಳಲ್ಲೋ, ನಾಕು ದಿವ್ಸ ಹೋಗಿ ಬಾ.’

‘ಅವ್ವ ಸತ್ತು ಭಾಳ ದಿವ್ಸಾತ್ರಿ ಸಾವಕಾರ್ರ.’

‘ಹಂಗಾರ ಅಕ್ಕನ ಊರಿಗೆ ಹೋಗು.’

‘ಅಕ್ಕ ಎಲ್ಲಿ ಬರಬೇಕ್ರಿ? ನಾ ಒಬ್ಬಾಂವನೇ.’

ಸಾವಕಾರ ಕಂಗಾಲಾದ. ಕಳಿಸಬೇಕೆಂದರೆ ಕಳಿಸಲು ಒಂದು ಊರು ಬೇಕು, ಊರಲ್ಲಿ ಒಂದು ಮನೆ ಬೇಕು, ಮನೆಯಲ್ಲಿ ಕಾಯುವವರೊಬ್ಬರು ಬೇಕು. ನೆಂಟರಿಲ್ಲದವನನ್ನು ನಮ್ಮ ರೀತಿಯಲ್ಲಿ ನೌಕರಿಯಿಂದ ತೆಗೆಯಲೂ ಬರುವುದಿಲ್ಲ ಎಂಬುದು ಆವತ್ತು ಬಜಾರಕ್ಕೆ ಗೊತ್ತಾಯಿತು. ಊರವರ ಅವ್ವಂದಿರ ಸಾವಿನ ಫೋಟೋಗಳನ್ನು ತೊಳೆದು ಕೊಟ್ಟವನ ಬಳಿ ತನ್ನ ಅವ್ವನದೊಂದು ಪಾಸ್‌ಪೋರ್ಟ್ ಸೈಜೂ ಇರಲಿಲ್ಲವೆಂಬುದೂ ಆಗಲೇ ತಿಳಿದದ್ದು. ಸಿನಿಮಾದ ಸೈ ಹಳೆ ಸಾಮಾನಿನ ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳ ಫೋಟೋ ಕೊಳ್ಳುತ್ತಾನೆ, ಈಕೆ ನನ್ನ ತಾಯಿ ಎನ್ನುತ್ತಾನೆ. ಡಬ್ಬಿ ತುಂಬ ಮುಖ ಇಟ್ಟುಕೊಂಡಿದ್ದ ಮಾಮಾನಿಗೆ ಅಂಥದ್ದೊಂದನ್ನು ಆರಿಸಿಕೊಳ್ಳಲು ಯಾಕೋ ಹೊಳೆಯಲಿಲ್ಲ. ಹೊಳೆದಿದ್ದರೂ ಊರಿಗೆಲ್ಲ ಗುರುತಿದ್ದ ಮುಖಗಳವು, ದಕ್ಕುತ್ತಿರಲಿಲ್ಲ.

ಕೊನೆಗೆ ಸಾವಕಾರನೇ ಸೊಲ್ಲಾಪುರದ ಲ್ಯಾಬಿಗೆ ಒಂದು ಚೀಟಿ ಬರೆದುಕೊಟ್ಟ. ಮಾಮಾ ಅಲ್ಲಿ ಕಲರ್ ಯಂತ್ರದ ಮುಂದೆ ಕೂತ. ಇಂಡಿಯ ರೀಲುಗಳು ಮೊದಲಿನಂತೆಯೇ ಬಸ್ಸಿನಲ್ಲಿ ಹೋಗುತ್ತಿದ್ದವು. ಅವನ್ನು ತೊಳೆಯುವವನು ಈಗ ಅವನೇ. ಬರುವ ಕವರುಗಳ ಮೇಲೆ ಒಮ್ಮೊಮ್ಮೆ ಪೆನ್ಸಿಲ್ಲಿನಲ್ಲಿ ಒಂದು ಸಾಲು ಇರುತ್ತಿತ್ತು: ‘ಗೌಡ್ರು ಭಾಳ ಸೊರಗ್ಯಾರ’, ‘ಈ ಕೂಸು ಯಾರದು?’ ಸಾವಕಾರ ಬೈಯುತ್ತಲೇ ಓದಿ, ಮುಂದಿನ ರೀಲಿನ ಜೊತೆ ಉತ್ತರ ಬರೆದು ಕಳಿಸುತ್ತಿದ್ದ. ಆ ಹುಡುಗಿ ಮುಂದೆ ಓದಿ ಮಾಸ್ತರಿಣಿಯಾದಳು. ಅವಳ ಮದುವೆಯ ರೀಲೂ ಸೊಲ್ಲಾಪುರಕ್ಕೇ ಹೋಯಿತು. ಅದರ ಕವರಿನ ಮೇಲೆ ಏನೂ ಬರೆದಿರಲಿಲ್ಲ. ಕಾಪಿಗಳನ್ನು ಸಾವಕಾರ ತಾನೇ ಎಣಿಸಿ ನೋಡಿದ; ಲೆಕ್ಕ ಸರಿಯಾಗಿತ್ತು.

ಹೆಚ್ಚಿನ ಕಾಪಿಯ ಬೆಲೆ ನಮ್ಮ ಜಿಲ್ಲೆಗೆ ತಿಳಿದದ್ದು ತಡವಾಗಿ. ಆಲಮಟ್ಟಿಯ ಹಿನ್ನೀರು ಬಸವನ ಬಾಗೇವಾಡಿಯ ಕಡೆಯ ಹಳ್ಳಿಗಳನ್ನು ನುಂಗಿದ ಮೇಲೆ ಮಂದಿ ಪುನರ್ವಸತಿ ಕೇಂದ್ರಗಳಿಗೆ ಬಂದರು. ಮನೆಗೆ ಪರಿಹಾರ ಬಂತು. ಹೊಸ್ತಿಲಿಗೆ, ಬೇವಿನ ಗಿಡಕ್ಕೆ, ಕೂತು ಹರಟಿದ ಕಟ್ಟೆಗೆ ಯಾವ ಪರಿಹಾರ? ಅವು ಈಗ ಇರುವುದು ಹಳೆಯ ಮದುವೆ ಫೋಟೋಗಳ ಹಿಂಬದಿಯಲ್ಲಿ ಮಾತ್ರ. ನನ್ನ ಗೆಳೆಯನೊಬ್ಬ ಸ್ಟುಡಿಯೋಗಳ ಹಳೆ ನೆಗೆಟಿವ್ ಡಬ್ಬಿಗಳನ್ನು ಹುಡುಕುತ್ತ ತಿರುಗಿದ. ‘ಯಾರ ಮದುವೀದರೆ ಇರ್ಲಿ, ಹಿಂದ ನಮ್ಮ ಮನಿ ಬಾಗಿಲಾ ಬಂದಿದ್ರ ಸಾಕು’ ಎನ್ನುತ್ತಿದ್ದ. ಲೆಕ್ಕಕ್ಕೆ ಸಿಗದ ಒಂದು ಕಾಪಿ ಯಾವುದೋ ಮಾಮಾನ ಡಬ್ಬಿಯಲ್ಲಿ ಉಳಿದಿದ್ದರೆ ಅವನ ಪಾಲಿಗೆ ಅದು ಊರೇ.

ಅತ್ತ ಸೈನ ಕೌಂಟರೂ ಬಹಳ ದಿನ ಉಳಿಯಲಿಲ್ಲ. ಅವನು ಜಗಳವಾಡಿದ್ದು ಆಗ್ಫಾ ಕಂಪನಿಯ ಯಂತ್ರಕ್ಕಾಗಿ. ಸಿನಿಮಾ ಬಂದ ಮೂರು ವರ್ಷಕ್ಕೆ, 2005ರಲ್ಲಿ, ಆಗ್ಫಾಫೋಟೋ ದಿವಾಳಿಯೆದ್ದಿತು. 2012ರ ಜನವರಿಯಲ್ಲಿ ಕೊಡಾಕ್ ಕೋರ್ಟಿನ ಮೆಟ್ಟಿಲು ಹತ್ತಿತು. 2014ರ ಆಗಸ್ಟ್ 11ರಂದು ರಾಬಿನ್ ವಿಲಿಯಮ್ಸ್ ಹೋದರು. ಒಂದು ಕಾಪಿ ಹೆಚ್ಚಿಗೆ ತೆಗೆದವನ ನೌಕರಿಯೂ ಹೋಯಿತು, ಕಾಗದದ ಲೆಕ್ಕ ಇಟ್ಟವನ ಕೆಲಸವೂ ಹೋಯಿತು.

ಸೈ ಮುಂದೆ ಚಾಕು ಹಿಡಿದು ಹೋಟೆಲಿಗೆ ನುಗ್ಗುವವರೆಗೂ ಹೋಗುತ್ತಾನೆ. ಹಾಗಾಗಿ ಅವನ ಪರ ವಕಾಲತ್ತು ವಹಿಸುವುದು ಕಷ್ಟ. ಆದರೂ ಒಮ್ಮೆ ಮನೆಯಲ್ಲಿ ಈ ಮಾತು ಎದ್ದಾಗ ನನ್ನ ಹೆಂಡತಿ, ‘ಅವನ್ನ ಯಾರರ ಒಂದಿನ ಊಟಕ್ಕ ಕರದಿದ್ರ ಇಷ್ಟೆಲ್ಲಾ ಆಗ್ತಿತ್ತೇನು?’ ಎಂದಳು.

‘ನೀ ಕರೀತಿದ್ದೇನು?’ ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ವಿಚಾರ ಮಾಡಿದಳು. ‘ಅಂಥಾವನ್ನ ಮನೀ ಒಳಗ? ಬ್ಯಾಡವ್ವಾ’ ಎಂದಳು. ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದ ಮೇಲೆ ತೀರ್ಪು ಪೂರ್ತಿಯಾಯಿತು: ‘ಬುತ್ತಿ ಕಟ್ಟಿ ಕಳಸ್ತಿದ್ದೆ.’